ಆರ್ಡರ್ಸ್ ಕಂಟ್ರೋಲರ್ 1,900 ಸಾಲು ದಾಟಿದೆ, ಎಲ್ಲಿಂದ ಒಡೆಯಲು ಶುರು ಮಾಡಲಿ?

ದೀಪದಕೆಳಗೆ:

ಎಲ್ಲರಿಗೂ ನಮಸ್ಕಾರ. ನಮ್ಮದು ರೈಲ್ಸ್‌ನಲ್ಲಿ (ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್) ಬರೆದ ಆರ್ಡರ್ ನಿರ್ವಹಣೆಯ ಆಪ್. ಆರು ವರ್ಷದ ಹಳೆಯ ಕೋಡ್. ಬಂದ ರಿಕ್ವೆಸ್ಟ್ ತೆಗೆದುಕೊಂಡು ಉತ್ತರ ಕೊಡುವ ಕ್ಲಾಸ್, ಅಂದರೆ ಆರ್ಡರ್ಸ್ ಕಂಟ್ರೋಲರ್, ಒಂದೇ 1,900 ಸಾಲು ದಾಟಿದೆ. ಒಳಗೆ 34 ಆಕ್ಷನ್ (ಒಂದೊಂದು ಬಗೆಯ ರಿಕ್ವೆಸ್ಟ್‌ಗೆ ಒಂದೊಂದು ಮೆಥಡ್) ಇವೆ. ಆರ್ಡರ್ ಹಾಕುವುದು, ತಿದ್ದುವುದು, ರದ್ದು ಮಾಡುವುದು, ಇನ್‌ವಾಯ್ಸ್ ಪಿಡಿಎಫ್ ತೆಗೆಯುವುದು, ಸಿಎಸ್‌ವಿ ಎಕ್ಸ್‌ಪೋರ್ಟ್, ಗೋದಾಮಿನವರು ಪ್ಯಾಕ್ ಆಯಿತು ಅಂತ ಗುರುತು ಹಾಕುವುದು, ಅಡ್ಮಿನ್ ಹುಡುಕಾಟ, ಎಲ್ಲವೂ ಅಲ್ಲೇ.

ಇಷ್ಟು ದಿನ ಹೇಗೋ ನಡೆಯುತ್ತಿತ್ತು. ಹೋದ ತಿಂಗಳು ಒಂದು ಘಟನೆ ನಡೆಯಿತು. ಹಳೆಯ ಆರ್ಡರ್ ಅನ್ನು ಮತ್ತೆ ಹಾಕಲು ‘ಡೂಪ್ಲಿಕೇಟ್’ ಅನ್ನುವ ಆಕ್ಷನ್ ಸೇರಿಸಿದೆ. ಆರ್ಡರ್ ಯಾರದ್ದು ಅಂತ ಪರೀಕ್ಷಿಸುವ ಬಿಫೋರ್ ಆಕ್ಷನ್, ಅಂದರೆ ಆಕ್ಷನ್‌ಗಿಂತ ಮೊದಲು ಓಡುವ ಮೆಥಡ್, ನಮ್ಮಲ್ಲಿದೆ. ಅದು ಯಾವ ಆಕ್ಷನ್‌ಗಳಿಗೆ ಮಾತ್ರ ಓಡಬೇಕು ಅನ್ನುವ ‘ಓನ್ಲಿ’ ಪಟ್ಟಿ ಒಂದಿದೆ, ಪಟ್ಟಿಯಲ್ಲಿ 19 ಹೆಸರು. ನನ್ನದನ್ನು 20ನೆಯದಾಗಿ ಸೇರಿಸಬೇಕಿತ್ತು, ಮರೆತೆ. ಯುಆರ್‌ಎಲ್‌ನಲ್ಲಿ ಐಡಿ ಬದಲಿಸಿದರೆ ಬೇರೆಯವರ ಆರ್ಡರ್ ವಿಳಾಸದ ಸಮೇತ ನಮ್ಮ ಖಾತೆಗೆ ನಕಲಾಗುತ್ತಿತ್ತು. ಸ್ಟೇಜಿಂಗ್‌ನಲ್ಲೇ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಸರ್ವರ್‌ನಲ್ಲೇ, ಸಿಕ್ಕಿಬಿತ್ತು. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ತಂಡದಲ್ಲಿ ಮೂರು ಅಭಿಪ್ರಾಯ. ಕನ್ಸರ್ನ್ ಮಾಡ್ಯೂಲ್‌ಗಳಾಗಿ (ಕ್ಲಾಸ್‌ಗೆ ಸೇರಿಸಿಕೊಳ್ಳುವ ಕೋಡ್ ತುಂಡುಗಳು) ಒಡೆದು ಬೇರೆ ಫೈಲ್‌ಗಳಲ್ಲಿ ಇಡೋಣ ಅನ್ನುತ್ತಾರೆ ಒಬ್ಬರು. ಪ್ರತಿ ಆಕ್ಷನ್‌ಗೂ ಒಂದು ಕಂಟ್ರೋಲರ್ ಇರಲಿ ಅನ್ನುತ್ತಾರೆ ಇನ್ನೊಬ್ಬರು. ಆರ್ಡರ್ ಒಂದೇ ಟೇಬಲ್ ಅಲ್ವಾ, ಕಂಟ್ರೋಲರ್ ಕೂಡ ಒಂದೇ ಇರಬೇಕು ಅನ್ನುವುದು ಮೂರನೆಯವರ ವಾದ. ನೀವು ಏನು ಮಾಡುತ್ತೀರಿ?

ಎಲೆಮರೆ:

ಮೊದಲ ದಾರಿ ಬೇಡ ಸರ್. ನಾವು ಅದನ್ನು ಮಾಡಿ ನೋಡಿದ್ದೇವೆ. ಐದು ಕನ್ಸರ್ನ್ ಮಾಡಿದರೆ ಫೈಲ್ ಐದಾಗುತ್ತವೆ. ಆದರೆ ರನ್ ಆಗುವಾಗ ಎಲ್ಲ ಸೇರಿ ಮತ್ತೆ ಅದೇ ಒಂದು ಕ್ಲಾಸ್. ಬಿಫೋರ್ ಆಕ್ಷನ್‌ಗಳು ಒಂದರ ಮೇಲೊಂದು ಬೀಳುತ್ತವೆ. ಒಂದು ಕನ್ಸರ್ನ್‌ನ ಪ್ರೈವೇಟ್ ಮೆಥಡ್ ಇನ್ನೊಂದರದ್ದನ್ನು ಸದ್ದಿಲ್ಲದೆ ಮುಚ್ಚಿಹಾಕುತ್ತದೆ. ಮೊದಲು ಒಂದೇ ಫೈಲ್ ಓದಿದರೆ ಸಾಕಿತ್ತು, ಆಮೇಲೆ ಆರು ಫೈಲ್ ತೆರೆದಿಟ್ಟುಕೊಂಡು ಓದಬೇಕಾಯಿತು.

ರೂಬಿ ಕೋಡ್‌ನ ಶೈಲಿ ಪರೀಕ್ಷಿಸುವ ರೂಬೊಕಾಪ್ ಒಂದು ಕ್ಲಾಸ್‌ಗೆ 100 ಸಾಲು, ಒಂದು ಮೆಥಡ್‌ಗೆ 10 ಸಾಲು ಅಂತ ಮಿತಿ ಇಟ್ಟೇ ಬರುತ್ತದೆ. ಆ ಎಚ್ಚರಿಕೆಯನ್ನು ಬಾಯಿ ಮುಚ್ಚಿಸಲು ಕನ್ಸರ್ನ್ ಮಾಡುವವರು ಬಹಳ ಜನ ಇದ್ದಾರೆ. ಸಾಲು ಎಣಿಸಿ ಒಡೆಯಬೇಡಿ.

ಮೂರನೇಸಾಲು:

ನಿಮ್ಮ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಆ 19 ಹೆಸರಿನ ‘ಓನ್ಲಿ’ ಪಟ್ಟಿ ನೋಡಿ. ಒಂದು ಬಿಫೋರ್ ಆಕ್ಷನ್ ಕೆಲವಕ್ಕೆ ಬೇಕು, ಕೆಲವಕ್ಕೆ ಬೇಡ ಅಂದರೆ ಆ ಕ್ಲಾಸ್ ಒಳಗೆ ಕನಿಷ್ಠ ಎರಡು ಕಂಟ್ರೋಲರ್ ವಾಸವಾಗಿವೆ ಅಂತಲೇ ಅರ್ಥ. ಒಡೆಯಬೇಕಾದ ಗೆರೆಯನ್ನು ಕೋಡ್ ಆಗಲೇ ಎಳೆದು ತೋರಿಸುತ್ತಿದೆ.

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. 34 ಆಕ್ಷನ್‌ಗಳನ್ನೂ ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರ ಎದುರು ಮೂರು ವಿಷಯ ಬರೆಯಿರಿ: ಇದನ್ನು ಯಾರು ಕರೆಯುತ್ತಾರೆ, ಯಾವ ಬಿಫೋರ್ ಆಕ್ಷನ್‌ಗಳು ಓಡುತ್ತವೆ, ಯಾವ ಪ್ರೈವೇಟ್ ಮೆಥಡ್ ಬಳಸುತ್ತದೆ. ಒಂದು ಗಂಟೆಯ ಕೆಲಸ. ಬರೆದು ಮುಗಿಸುವಷ್ಟರಲ್ಲಿ ಗುಂಪುಗಳು ಕಣ್ಣಿಗೆ ಬೀಳುತ್ತವೆ. ಗೋದಾಮಿನವರು ಕರೆಯುವ ನಾಲ್ಕು ಆಕ್ಷನ್‌ಗಳು ಗ್ರಾಹಕರ ಒಂದೂ ಪ್ರೈವೇಟ್ ಮೆಥಡ್ ಮುಟ್ಟುವುದಿಲ್ಲ ಅಂತ ಗೊತ್ತಾಗುತ್ತದೆ. ಎಕ್ಸ್‌ಪೋರ್ಟ್‌ನವು ಯಾವುದನ್ನೂ ಬದಲಿಸುವುದಿಲ್ಲ, ಸುಮ್ನೆ ಓದಿ ಕೊಡುತ್ತವೆ ಅಂತ ಕಾಣುತ್ತದೆ. ಆ ಗುಂಪುಗಳೇ ನಿಮ್ಮ ಹೊಸ ಕಂಟ್ರೋಲರ್‌ಗಳು.

ಟೇಬಲ್ ಒಂದಾದರೆ ಕಂಟ್ರೋಲರ್ ಒಂದು ಅನ್ನುವ ನಿಯಮ ಎಲ್ಲೂ ಇಲ್ಲ. ಕೋಡ್ ಅನ್ನು ಮಾಡೆಲ್ (ಮಾಹಿತಿ), ವ್ಯೂ (ತೋರಿಕೆ), ಕಂಟ್ರೋಲರ್ ಅಂತ ಒಡೆಯುವ ಎಂವಿಸಿ ಹುಟ್ಟಿದ್ದು 1979ರಲ್ಲಿ, ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ. ಟ್ರಿಗ್ವೆ ರೇನ್‌ಸ್ಕಾಗ್ ಅದನ್ನು ಸ್ಮಾಲ್‌ಟಾಕ್ ಭಾಷೆಗಾಗಿ ರೂಪಿಸಿದರು. ಸ್ಮಾಲ್‌ಟಾಕ್‌ನಲ್ಲಿ ಕಂಟ್ರೋಲರ್ ಜೋಡಿಯಾಗಿದ್ದದ್ದು ವ್ಯೂ ಜೊತೆಗೆ. ಬಳಕೆದಾರರು ಮೌಸ್ ಒತ್ತಿದ್ದು, ಕೀ ಒತ್ತಿದ್ದು ಏನು ಅಂತ ಅರ್ಥ ಮಾಡಿಕೊಂಡು ಮಾಡೆಲ್‌ಗೆ ತಿಳಿಸುವುದು ಅದರ ಕೆಲಸ. ಒಂದೇ ಮಾಡೆಲ್‌ಗೆ ಹಲವು ವ್ಯೂ, ಅಷ್ಟೇ ಕಂಟ್ರೋಲರ್. ವೆಬ್‌ನಲ್ಲಿ ಮೌಸ್ ಜಾಗಕ್ಕೆ ಎಚ್‌ಟಿಟಿಪಿ ರಿಕ್ವೆಸ್ಟ್ ಬಂದಿದೆ, ಕೆಲಸ ಅದೇ. ಬಂದದ್ದನ್ನು ಅರ್ಥ ಮಾಡಿಕೊಳ್ಳಬೇಕು, ಯಾರು ಕೇಳುತ್ತಿದ್ದಾರೆ ನೋಡಬೇಕು, ಒಳಗಿನ ಒಂದು ಕೆಲಸವನ್ನು ಕರೆಯಬೇಕು, ಉತ್ತರ ಕೊಡಬೇಕು. ಇದಕ್ಕಿಂತ ಜಾಸ್ತಿ ಏನೇ ಮಾಡುತ್ತಿದ್ದರೂ ಅದು ಬೇರೆಯವರ ಕೆಲಸ.

ಈಗ ‘ಕ್ಯಾನ್ಸಲ್’ ಆಕ್ಷನ್ ತೆಗೆದುಕೊಳ್ಳೋಣ. ರೈಲ್ಸ್‌ನಲ್ಲಿ ಏಳು ಆಕ್ಷನ್‌ಗಳು ಸಹಜ: ಇಂಡೆಕ್ಸ್, ಶೋ, ನ್ಯೂ, ಕ್ರಿಯೇಟ್, ಎಡಿಟ್, ಅಪ್‌ಡೇಟ್, ಡೆಸ್ಟ್ರಾಯ್. ಎಂಟನೆಯದು ಬೇಕು ಅನ್ನಿಸಿದಾಗ ಆ ಕ್ರಿಯಾಪದವನ್ನು ನಾಮಪದ ಮಾಡಿ ನೋಡಿ. ಆರ್ಡರ್ ‘ರದ್ದು ಮಾಡು’ ಅನ್ನುವುದು ‘ಒಂದು ಕ್ಯಾನ್ಸಲೇಷನ್ ಸೃಷ್ಟಿಸು’ ಆಗುತ್ತದೆ. ಆಗ ಅದಕ್ಕೆ ಕ್ಯಾನ್ಸಲೇಷನ್ಸ್ ಕಂಟ್ರೋಲರ್, ಒಳಗೆ ಬರೀ ನ್ಯೂ ಮತ್ತು ಕ್ರಿಯೇಟ್. ರೂಟ್‌ನಲ್ಲಿ (ಯಾವ ಯುಆರ್‌ಎಲ್ ಯಾವ ಕಂಟ್ರೋಲರ್‌ಗೆ ಅನ್ನುವ ಫೈಲ್) ಆರ್ಡರ್ಸ್ ಒಳಗೆ ಸಿಂಗ್ಯುಲರ್ ರಿಸೋರ್ಸ್ ಬರೆದರೆ ಸಾಕು. ಹೆಸರು ಏಕವಚನದಲ್ಲಿ ಬರೆದರೂ ರೈಲ್ಸ್ ಹುಡುಕುವುದು ಬಹುವಚನದ ಕಂಟ್ರೋಲರ್ ಅನ್ನು, ಇಲ್ಲಿ ಹೊಸಬರು ಎಡವುತ್ತಾರೆ.

ಇದು ಹೆಸರಿನ ಆಟ ಅಂತ ನನಗೂ ಮೊದಲು ಅನ್ನಿಸಿತ್ತು. ಆದರೆ ಹೆಸರು ಕೊಟ್ಟ ತಕ್ಷಣ ಪ್ರಶ್ನೆಗಳು ಬರುತ್ತವೆ. ಯಾರು ರದ್ದು ಮಾಡಿದರು? ಯಾಕೆ? ಯಾವಾಗ? ನಮ್ಮ ಆರ್ಡರ್ ಟೇಬಲ್‌ನಲ್ಲಿ ‘ರದ್ದಾದ ಸಮಯ’, ‘ರದ್ದಿನ ಕಾರಣ’, ‘ರದ್ದು ಮಾಡಿದವರು’ ಅಂತ ಮೂರು ಕಾಲಮ್ ಇದ್ದವು. ಹೆಚ್ಚಿನ ಸಾಲುಗಳಲ್ಲಿ ಮೂರೂ ಖಾಲಿ. ಕ್ಯಾನ್ಸಲೇಷನ್ ಅನ್ನು ನಿಜವಾದ ಟೇಬಲ್ ಮಾಡಿದೆವು, ಆರ್ಡರ್ ಐಡಿ ಮೇಲೆ ಯುನೀಕ್ ಇಂಡೆಕ್ಸ್ (ಒಂದೇ ಮೌಲ್ಯ ಎರಡು ಸಲ ಬಾರದಂತೆ ತಡೆಯುವ ನಿಯಮ) ಹಾಕಿದೆವು. ಯಾರಾದರೂ ಬಟನ್ ಅನ್ನು ಎರಡು ಸಲ ಒತ್ತಿದರೆ ಎರಡನೆಯದನ್ನು ಡೇಟಾಬೇಸ್ ತಾನೇ ತಡೆಯುತ್ತದೆ. ಅದಕ್ಕೂ ಮೊದಲು ಅದೇ ಪರೀಕ್ಷೆಗೆ ಕಂಟ್ರೋಲರ್‌ನಲ್ಲಿ ಹನ್ನೆರಡು ಸಾಲು ಇಫ್‌ಗಳಿದ್ದವು, ಆದರೂ ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದಾಗ ಎರಡೂ ದಾಟಿಹೋಗುತ್ತಿದ್ದವು.

ಮತ್ತೆ ಆ ಡೂಪ್ಲಿಕೇಟ್ ವಿಷಯ. ಪಟ್ಟಿಗೆ ಹೆಸರು ಸೇರಿಸುವ ಪದ್ಧತಿಯನ್ನೇ ಬಿಡಿ. ಗ್ರಾಹಕರ ಕಂಟ್ರೋಲರ್‌ನಲ್ಲಿ ಆರ್ಡರ್ ಅನ್ನು ಯಾವಾಗಲೂ ಲಾಗಿನ್ ಆದವರ ಆರ್ಡರ್‌ಗಳ ಒಳಗಿನಿಂದಲೇ ಹುಡುಕಿ. ಬೇರೆಯವರ ಐಡಿ ಕೊಟ್ಟರೆ ಸಿಗುವುದೇ ಇಲ್ಲ, ‘ಸಿಗಲಿಲ್ಲ’ ಅನ್ನುವ 404 ಹೋಗುತ್ತದೆ. ಮರೆಯಲು ಏನೂ ಉಳಿಯುವುದಿಲ್ಲ. ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್‌ನ 2021ರ ಟಾಪ್ 10 ಪಟ್ಟಿಯಲ್ಲಿ ಮೊದಲನೆಯದೇ ಈ ಬಗೆಯ ಪ್ರವೇಶ ನಿಯಂತ್ರಣದ ತಪ್ಪು. ನಿಮಗೊಬ್ಬರಿಗೇ ಆದದ್ದಲ್ಲ, ಸಮಾಧಾನ ಇರಲಿ.

ಹಳೇಜಾವಾ:

ಮೂರನೇಸಾಲು ಅವರ ಮಾತು ಒಪ್ಪುತ್ತೇನೆ, ಆದರೆ ಅರ್ಧ. ಕಂಟ್ರೋಲರ್ ಎಷ್ಟು ಅನ್ನುವುದಕ್ಕಿಂತ ಒಂದೊಂದು ಆಕ್ಷನ್ ಒಳಗೆ ಏನು ನಡೆಯುತ್ತಿದೆ ಅನ್ನುವುದು ನನಗೆ ಮುಖ್ಯ. 1,900 ಸಾಲನ್ನು 34 ಆಕ್ಷನ್‌ಗೆ ಹಂಚಿದರೆ ಒಂದಕ್ಕೆ ಸುಮಾರು 56 ಸಾಲು ಬಂತು. ಇದನ್ನು ಹತ್ತು ಕಂಟ್ರೋಲರ್ ಮಾಡಿದರೂ ಆ 56 ಸಾಲು ಹಾಗೇ ಇರುತ್ತವೆ.

ನಾನು ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್‌ನವನು. ನಮ್ಮ ರದ್ದತಿಯ ಮೆಥಡ್ ಹೇಗಿತ್ತು ಹೇಳುತ್ತೇನೆ. ಆರ್ಡರ್ ಓದು, ಸ್ಥಿತಿ ಬದಲಿಸು, ಸ್ಟಾಕ್ ವಾಪಸ್ ಸೇರಿಸು, ಪೇಮೆಂಟ್ ಗೇಟ್‌ವೇಗೆ ರೀಫಂಡ್ ಕೇಳು, ಗ್ರಾಹಕರಿಗೆ ಮೇಲ್ ಕಳಿಸು, ಎಲ್ಲವನ್ನೂ ಸೇವ್ ಮಾಡು. ಇಷ್ಟೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಎಲ್ಲ ಆಗಬೇಕು ಇಲ್ಲವೇ ಯಾವುದೂ ಆಗಬಾರದು ಅನ್ನುವ ಕಟ್ಟಿನಲ್ಲಿ. ಒಂದು ದಿನ ಕೊನೆಯ ಸೇವ್‌ನಲ್ಲಿ ತಪ್ಪಾಗಿ ರೋಲ್‌ಬ್ಯಾಕ್ ಆಯಿತು. ಡೇಟಾಬೇಸ್ ಹಿಂದಕ್ಕೆ ಹೋಯಿತು. ಕಳಿಸಿದ ಮೇಲ್ ಹಿಂದಕ್ಕೆ ಬರುತ್ತದೆಯೇ? ‘ನಿಮ್ಮ ಆರ್ಡರ್ ರದ್ದಾಗಿದೆ’ ಅಂತ ಮೇಲ್ ಓದಿದವರ ಮನೆಗೆ ಎರಡು ದಿನ ಬಿಟ್ಟು ಪಾರ್ಸೆಲ್ ಹೋಯಿತು. ಗೇಟ್‌ವೇ ನಿಧಾನವಾದ ದಿನಗಳಲ್ಲಿ ಇನ್ನೊಂದು ಕಷ್ಟ. ಉತ್ತರ ಬರುವವರೆಗೂ ಸ್ಟಾಕ್ ಸಾಲಿನ ಲಾಕ್ ಹಿಡಿದೇ ಇರುತ್ತಿತ್ತು, ಅದೇ ವಸ್ತು ಕೊಳ್ಳಲು ಬಂದವರೆಲ್ಲ ಕಾಯುತ್ತಿದ್ದರು.

ಆಮೇಲೆ ಇದನ್ನು ವ್ಯವಹಾರದ ಕೆಲಸಕ್ಕೇ ಇರುವ ಸರ್ವಿಸ್ ಕ್ಲಾಸ್‌ಗೆ ತಂದೆವು. ಡೇಟಾಬೇಸ್ ಬದಲಾವಣೆ ಮಾತ್ರ ಟ್ರಾನ್ಸಾಕ್ಷನ್ ಒಳಗೆ. ಮೇಲ್ ಮತ್ತು ರೀಫಂಡ್ ಕಮಿಟ್ ಆದ ಮೇಲೆ, ಕ್ಯೂ ಮೂಲಕ. ಕಂಟ್ರೋಲರ್‌ನಲ್ಲಿ ಉಳಿದದ್ದು ಒಂಬತ್ತು ಸಾಲು. ಲಾಭ ಆಮೇಲೆ ಗೊತ್ತಾಯಿತು. ಹಣ ಬಾರದ ಆರ್ಡರ್‌ಗಳನ್ನು ರಾತ್ರಿ ಓಡುವ ಜಾಬ್ ಒಂದು ರದ್ದು ಮಾಡಬೇಕಾಗಿ ಬಂತು. ಅದೇ ಸರ್ವಿಸ್ ಕರೆದೆವು. ಕೆಲಸ ಕಂಟ್ರೋಲರ್‌ನಲ್ಲೇ ಇದ್ದಿದ್ದರೆ ಜಾಬ್ ತನಗೆ ತಾನೇ ಎಚ್‌ಟಿಟಿಪಿ ರಿಕ್ವೆಸ್ಟ್ ಕಳಿಸಿಕೊಳ್ಳಬೇಕಿತ್ತು. ಹಾಗೆ ಮಾಡಿದವರನ್ನೂ ನೋಡಿದ್ದೇನೆ.

ಸ್ಪ್ರಿಂಗ್‌ನವರಿಗೆ ಎರಡು ಎಚ್ಚರಿಕೆ. ಟ್ರಾನ್ಸಾಕ್ಷನಲ್ ಆ್ಯನೊಟೇಷನ್ ಇರುವ ಮೆಥಡ್ ಅನ್ನು ಅದೇ ಕ್ಲಾಸ್‌ನ ಇನ್ನೊಂದು ಮೆಥಡ್ ನೇರವಾಗಿ ಕರೆದರೆ, ಮಾಮೂಲಿ ಪ್ರಾಕ್ಸಿ (ಕರೆಗಳನ್ನು ನಡುವೆ ಹಿಡಿದು ಟ್ರಾನ್ಸಾಕ್ಷನ್ ಶುರು ಮಾಡುವ ಹೊದಿಕೆ) ವ್ಯವಸ್ಥೆಯಲ್ಲಿ ಆ ಕರೆ ಪ್ರಾಕ್ಸಿ ದಾಟಿ ಬರುವುದಿಲ್ಲ, ಹಾಗಾಗಿ ಆ್ಯನೊಟೇಷನ್ ಇದ್ದೂ ಇಲ್ಲದಂತೆ. ಒಡೆಯುವಾಗ ಇದನ್ನು ನೋಡಿಕೊಳ್ಳಿ. ಇನ್ನೊಂದು, ಸ್ಪ್ರಿಂಗ್‌ನಲ್ಲಿ ಕಂಟ್ರೋಲರ್ ಮಾಮೂಲಾಗಿ ಸಿಂಗಲ್‌ಟನ್. ಎಲ್ಲ ರಿಕ್ವೆಸ್ಟ್‌ಗೂ ಒಂದೇ ಆಬ್ಜೆಕ್ಟ್. ರೈಲ್ಸ್‌ನಲ್ಲಿ ಪ್ರತಿ ರಿಕ್ವೆಸ್ಟ್‌ಗೂ ಹೊಸದು ಹುಟ್ಟುತ್ತದೆ, ಅಲ್ಲಿ ಇನ್‌ಸ್ಟನ್ಸ್ ವೇರಿಯಬಲ್‌ನಲ್ಲಿ ಆರ್ಡರ್ ಇಟ್ಟುಕೊಳ್ಳುವುದು ರೂಢಿ. ಅದೇ ಅಭ್ಯಾಸದಲ್ಲಿ ಸ್ಪ್ರಿಂಗ್‌ನ ಫೀಲ್ಡ್‌ನಲ್ಲಿ ಇಟ್ಟರೆ ಒಬ್ಬರ ಆರ್ಡರ್ ಇನ್ನೊಬ್ಬರಿಗೆ ಕಾಣುತ್ತದೆ.

ದೀಪದಕೆಳಗೆ:

ಮೂವರಿಗೂ ತುಂಬಾ ಧನ್ಯವಾದ. ಹಾಳೆಯ ಕೆಲಸ ನಾಳೆಯೇ ಮಾಡುತ್ತೇನೆ. ಎರಡು ಸಂದೇಹ. ಎಲ್ಲವನ್ನೂ ಸರ್ವಿಸ್‌ಗೆ ತಳ್ಳಿದರೆ ವ್ಯಾಲಿಡೇಷನ್, ಅಂದರೆ ಬಂದ ಮಾಹಿತಿಯ ಪರೀಕ್ಷೆ, ಎಲ್ಲಿರಬೇಕು? ಮತ್ತೆ, ರದ್ದು ಮಾಡಲು ಆಗುವುದಿಲ್ಲ ಅಂತ ಸರ್ವಿಸ್ ಹೇಳಿದಾಗ ಆ ವಿಷಯ ಕಂಟ್ರೋಲರ್‌ಗೆ ಹೇಗೆ ಬರಬೇಕು? ನಮ್ಮ ಹುಡುಗರೊಬ್ಬರು ಸರ್ವಿಸ್‌ನಿಂದಲೇ 422 (ರಿಕ್ವೆಸ್ಟ್ ಅನ್ನು ನಡೆಸಲಾಗದು ಅನ್ನುವ ಎಚ್‌ಟಿಟಿಪಿ ಕೋಡ್) ವಾಪಸ್ ಕೊಡುವ ಹಾಗೆ ಬರೆದಿದ್ದಾರೆ. ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ಹೇಳಲು ಬರುತ್ತಿಲ್ಲ.

ಮೂರನೇಸಾಲು:

ನಿಮಗೆ ಅನ್ನಿಸಿದ್ದು ಸರಿ. ಹಳೇಜಾವಾ ಅವರು ಹೇಳಿದ ರಾತ್ರಿಯ ಜಾಬ್ ನೆನಪು ಮಾಡಿಕೊಳ್ಳಿ. ಆ ಜಾಬ್‌ಗೆ 422 ಸಿಕ್ಕಿದರೆ ಅದನ್ನು ಏನು ಮಾಡಬೇಕು? ಸರ್ವಿಸ್ ತನ್ನ ಲೋಕದ ಮಾತನ್ನೇ ಆಡಲಿ: ‘ಆಗಲೇ ರವಾನೆಯಾಗಿದೆ’, ‘ಆಗಲೇ ರದ್ದಾಗಿದೆ’, ‘ಆಯಿತು’. ಅದನ್ನು ಎಚ್‌ಟಿಟಿಪಿ ಭಾಷೆಗೆ ತಿರುಗಿಸುವುದು ಕಂಟ್ರೋಲರ್ ಹೊಣೆ. ರವಾನೆಯಾಗಿದ್ದರೆ ಎಪಿಐಗೆ (ಬೇರೆ ಪ್ರೋಗ್ರಾಂಗಳು ಕರೆಯುವ ಬಾಗಿಲು) 409, ಅಂದರೆ ಸ್ಥಿತಿಯ ಘರ್ಷಣೆ ಅನ್ನುವ ಕೋಡ್, ಕೊಡಬಹುದು, ಬ್ರೌಸರ್‌ಗೆ ಒಂದು ಸಂದೇಶದ ಜೊತೆ ಆರ್ಡರ್ ಪುಟಕ್ಕೆ ಕಳಿಸಬಹುದು. ಒಂದೇ ಉತ್ತರ, ಎರಡು ಬಾಗಿಲು. ಜಾಬ್ ಆದರೆ ಲಾಗ್‌ನಲ್ಲಿ ಬರೆದು ಮುಂದೆ ಹೋಗುತ್ತದೆ.

ವ್ಯಾಲಿಡೇಷನ್‌ನಲ್ಲಿ ಎರಡು ಬಗೆ ಇದೆ, ಕಲಸಬೇಡಿ. ದಿನಾಂಕದ ಜಾಗದಲ್ಲಿ ದಿನಾಂಕ ಇದೆಯೇ, ಬೇಡದ ಫೀಲ್ಡ್ ನುಸುಳಿದೆಯೇ ಅನ್ನುವುದು ರಿಕ್ವೆಸ್ಟ್‌ನ ಆಕಾರದ ವಿಷಯ. ಅದು ಬಾಗಿಲಲ್ಲೇ ಆಗಲಿ. 2013ರಲ್ಲಿ ಬಂದ ರೈಲ್ಸ್ 4ರಿಂದ ಅನುಮತಿಸಿದ ಫೀಲ್ಡ್‌ಗಳನ್ನಷ್ಟೇ ಬಿಡುವ ಸ್ಟ್ರಾಂಗ್ ಪ್ಯಾರಾಮೀಟರ್ಸ್ ಕಂಟ್ರೋಲರ್‌ನಲ್ಲಿ ಇರುವುದು ಇದಕ್ಕೇ. ರವಾನೆಯಾದ ಆರ್ಡರ್ ರದ್ದಾಗಬಾರದು ಅನ್ನುವುದು ವ್ಯವಹಾರದ ನಿಯಮ. ಯಾವ ಬಾಗಿಲಿಂದ ಬಂದರೂ ಅದು ನಡೆಯಬೇಕು, ಹಾಗಾಗಿ ಅದು ಒಳಗಿರಬೇಕು.

ಎಲೆಮರೆ:

ಪ್ರತಿ ಆಕ್ಷನ್‌ಗೂ ಒಂದು ಕಂಟ್ರೋಲರ್ ಅನ್ನುವ ದಾರಿಯ ಬಗ್ಗೆ ಯಾರೂ ಮಾತಾಡಿಲ್ಲ. ನಾನು ಈಗ ಪಿಎಚ್‌ಪಿಯ ಲಾರಾವೆಲ್ ಫ್ರೇಮ್‌ವರ್ಕ್‌ನಲ್ಲಿದ್ದೇನೆ. ಅಲ್ಲಿ ಇನ್ವೋಕ್ ಅನ್ನುವ ಒಂದೇ ಮೆಥಡ್ ಇರುವ ಕಂಟ್ರೋಲರ್ ಬರೆಯಬಹುದು. ಇನ್‌ವಾಯ್ಸ್ ಪಿಡಿಎಫ್, ವೆಬ್‌ಹುಕ್, ಡ್ಯಾಶ್‌ಬೋರ್ಡ್ ಪುಟದಂಥವಕ್ಕೆ ತುಂಬಾ ಹೊಂದುತ್ತದೆ. ಅವಕ್ಕೆ ಅಣ್ಣತಮ್ಮಂದಿರು ಇಲ್ಲ. ಆದರೆ ಎಡಿಟ್ ಒಂದು ಕಡೆ, ಅಪ್‌ಡೇಟ್ ಇನ್ನೊಂದು ಕಡೆ ಇಡಬೇಡಿ. ಫಾರಂ ತೋರಿಸುವುದು, ಅದೇ ಫಾರಂ ಸೇವ್ ಮಾಡುವುದು ಯಾವಾಗಲೂ ಒಟ್ಟಿಗೆ ಬದಲಾಗುತ್ತವೆ. ಒಂದು ಫೀಲ್ಡ್ ಸೇರಿಸಿದರೆ ಎರಡನ್ನೂ ಮುಟ್ಟಬೇಕು. ಒಟ್ಟಿಗೆ ಬದಲಾಗುವುದು ಒಟ್ಟಿಗೆ ಇರಲಿ.

ಡಾಟ್‌ನೆಟ್‌ನಲ್ಲಿ ಕೆಲಸ ಮಾಡುವವರಿಗೆ ‘ಓನ್ಲಿ’ ಪಟ್ಟಿಯ ಜಾಗದಲ್ಲಿ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಮೆಥಡ್) ಇದೆ. ಹನ್ನೊಂದು ಸರ್ವಿಸ್ ಕೇಳುವ ಕನ್‌ಸ್ಟ್ರಕ್ಟರ್, ಆದರೆ ಪ್ರತಿ ಆಕ್ಷನ್ ಬಳಸುವುದು ಎರಡನ್ನೋ ಮೂರನ್ನೋ. ಯಾವ ಆಕ್ಷನ್ ಯಾವುದನ್ನು ಬಳಸುತ್ತದೆ ಅಂತ ಗೆರೆ ಎಳೆದು ನೋಡಿ, ಅದೇ ಗುಂಪುಗಳು ಸಿಗುತ್ತವೆ. ಪೈಥಾನ್‌ನ ಜಾಂಗೋ ಫ್ರೇಮ್‌ವರ್ಕ್‌ನವರು ಈ ಚರ್ಚೆ ಓದುವಾಗ ಕಂಟ್ರೋಲರ್ ಅಂದಲ್ಲೆಲ್ಲ ವ್ಯೂ ಅಂತ ಓದಿಕೊಳ್ಳಿ. ಅಲ್ಲಿ ವ್ಯೂ ಅಂದರೆ ಹೆಚ್ಚುಕಡಿಮೆ ಇದೇ, ತೋರಿಸುವ ಕೆಲಸ ಟೆಂಪ್ಲೇಟ್‌ನದ್ದು.

ಟೆಸ್ಟ್‌ಮೊದಲು:

ಒಡೆಯುವ ಮುಂಚೆ ದಯವಿಟ್ಟು ರಿಕ್ವೆಸ್ಟ್ ಟೆಸ್ಟ್ ಬರೆಯಿರಿ. ಕಂಟ್ರೋಲರ್ ಕ್ಲಾಸ್ ಹೆಸರು ಹಿಡಿದು ಬರೆದ ಟೆಸ್ಟ್ ಬೇಡ, ಕ್ಲಾಸ್ ಬದಲಾದ ಕೂಡಲೇ ಅದೂ ಸಾಯುತ್ತದೆ. ಈ ಯುಆರ್‌ಎಲ್‌ಗೆ ಈ ಬಳಕೆದಾರರು ಹೋದರೆ ಈ ಸ್ಟೇಟಸ್ ಬರಬೇಕು, ಡೇಟಾಬೇಸ್‌ನಲ್ಲಿ ಇದು ಬದಲಾಗಬೇಕು, ಅಷ್ಟೇ. ಪ್ರತಿ ಆಕ್ಷನ್‌ಗೂ ‘ಬೇರೆಯವರ ಐಡಿ ಕೊಟ್ಟರೆ 404’ ಅನ್ನುವ ಒಂದು ಟೆಸ್ಟ್ ಇರಲೇಬೇಕು. ನಿಮ್ಮ ಡೂಪ್ಲಿಕೇಟ್ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಆಮೇಲೆ ಒಂದು ಸಲಕ್ಕೆ ಒಂದು ಗುಂಪು ಸರಿಸಿ. ಯುಆರ್‌ಎಲ್ ಹಾಗೇ ಇರಲಿ. ರೂಟ್ ಫೈಲ್‌ನಲ್ಲಿ ಹಳೆಯ ಯುಆರ್‌ಎಲ್ ಅನ್ನು ಹೊಸ ಕಂಟ್ರೋಲರ್‌ಗೆ ತೋರಿಸಿದರೆ ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ. ಯುಆರ್‌ಎಲ್ ಚೆಂದ ಮಾಡುವುದು ಬೇರೆ ದಿನದ ಕೆಲಸ. ಎರಡನ್ನೂ ಒಂದೇ ಪುಲ್ ರಿಕ್ವೆಸ್ಟ್‌ಗೆ ಹಾಕಿದರೆ ಏನು ಮುರಿಯಿತು, ಯಾವುದರಿಂದ ಮುರಿಯಿತು ಅಂತ ಹುಡುಕುವುದೇ ಕೆಲಸವಾಗುತ್ತದೆ.

ಆಕ್ಷನ್ ಸರಿಸಿದ ಮೇಲೆ ಹಳೆಯ ‘ಓನ್ಲಿ’ ಪಟ್ಟಿಯಲ್ಲಿ ಅದರ ಹೆಸರು ಹಾಗೇ ಉಳಿದುಬಿಡುತ್ತದೆ. ರೈಲ್ಸ್ 7.1ರಿಂದ ಇದಕ್ಕೊಂದು ಸೆಟ್ಟಿಂಗ್ ಇದೆ. ಪಟ್ಟಿಯಲ್ಲಿರುವ ಆಕ್ಷನ್ ಕ್ಲಾಸ್‌ನಲ್ಲಿ ಇಲ್ಲದಿದ್ದರೆ ಎರರ್ ಎಸೆಯುತ್ತದೆ. ಡೆವಲಪ್‌ಮೆಂಟ್ ಮತ್ತು ಟೆಸ್ಟ್‌ನಲ್ಲಿ ಅದನ್ನು ಆನ್ ಮಾಡಿಕೊಳ್ಳಿ.

ಗೆಟ್ ರಿಕ್ವೆಸ್ಟ್‌ನಲ್ಲಿ ಏನನ್ನಾದರೂ ಬದಲಿಸುವ ಆಕ್ಷನ್ ಇದೆಯೇ ಅಂತಲೂ ನೋಡಿ. ಗೆಟ್ ಬರೀ ಓದಲಿಕ್ಕೆ ಅನ್ನುವುದು ಎಚ್‌ಟಿಟಿಪಿಯ ನಿಯಮ. ಲಿಂಕ್ ಅನ್ನು ಕ್ರಾಲರ್ ಮುಟ್ಟಬಹುದು, ಬ್ರೌಸರ್ ಮೊದಲೇ ತಂದಿಟ್ಟುಕೊಳ್ಳಬಹುದು. ಹಳೆಯ ಕೋಡ್‌ನಲ್ಲಿ ಇಂಥದ್ದು ಒಂದಾದರೂ ಇದ್ದೇ ಇರುತ್ತದೆ.

ದೀಪದಕೆಳಗೆ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಹಾಳೆಯ ಕೆಲಸಕ್ಕೆ ಒಂದು ಗಂಟೆ ಅಂದಿದ್ದಿರಿ, ನಮಗೆ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಆದರೆ ಅಂದೇ ವಾದ ಮುಗಿಯಿತು. ಒಂದೇ ಟೇಬಲ್, ಒಂದೇ ಕಂಟ್ರೋಲರ್ ಅನ್ನುತ್ತಿದ್ದ ನಮ್ಮ ಹಿರಿಯರು ಹಾಳೆ ನೋಡುತ್ತಾ ತಾವೇ ಪೆನ್ಸಿಲ್ ತೆಗೆದುಕೊಂಡು ಗೋದಾಮಿನ ನಾಲ್ಕಕ್ಕೂ ಸುತ್ತು ಹಾಕಿದರು.

34ರಲ್ಲಿ ಮೂರು ಆಕ್ಷನ್‌ಗಳನ್ನು ಯಾರೂ ಕರೆಯುತ್ತಲೇ ಇರಲಿಲ್ಲ. ಲಾಗ್ ನೋಡಿ ಖಾತ್ರಿ ಮಾಡಿಕೊಂಡು ಅಳಿಸಿದೆವು. ಗೆಟ್‌ನಲ್ಲಿ ಸ್ಥಿತಿ ಬದಲಿಸುವುದು ಒಂದು ಸಿಕ್ಕಿತು, ಟೆಸ್ಟ್‌ಮೊದಲು ಅವರು ಹೇಳಿದ ಹಾಗೇ. ‘ಮೇಲ್ ಓದಿದೆ, ಒಪ್ಪಿದೆ’ ಅಂತ ಗ್ರಾಹಕರಿಗೆ ಕಳಿಸುವ ಲಿಂಕ್ ಅದು. ಮೇಲ್ ತೆರೆಯುವ ಮೊದಲೇ ಲಿಂಕ್‌ಗಳನ್ನು ಮುಟ್ಟಿ ನೋಡುವ ಸ್ಕ್ಯಾನರ್‌ಗಳು ಕೆಲವರ ಪರವಾಗಿ ತಾವೇ ಒಪ್ಪಿಗೆ ಕೊಟ್ಟುಬಿಟ್ಟಿದ್ದವು. ಈಗ ಲಿಂಕ್ ಒಂದು ಪುಟ ತೋರಿಸುತ್ತದೆ, ಬಟನ್ ಒತ್ತಿದರೆ ಬದಲಾವಣೆಗೆ ಬಳಸುವ ಪೋಸ್ಟ್ ರಿಕ್ವೆಸ್ಟ್ ಹೋಗುತ್ತದೆ.

ಕ್ಯಾನ್ಸಲೇಷನ್ಸ್, ಇನ್‌ವಾಯ್ಸಸ್, ಎಕ್ಸ್‌ಪೋರ್ಟ್ಸ್ ಬೇರೆಯಾಗಿವೆ. ಗೋದಾಮು ಮತ್ತು ಅಡ್ಮಿನ್‌ಗೆ ಬೇರೆ ನೇಮ್‌ಸ್ಪೇಸ್ (ಹೆಸರಿನ ಗುಂಪು), ಪ್ರತಿಯೊಂದಕ್ಕೂ ತನ್ನದೇ ಬೇಸ್ ಕಂಟ್ರೋಲರ್, ಯಾರು ಒಳಗೆ ಬರಬಹುದು ಅನ್ನುವ ಪರೀಕ್ಷೆ ಅಲ್ಲೇ ಒಂದು ಸಾಲು. ಡೂಪ್ಲಿಕೇಟ್ ಈಗ ರೀಆರ್ಡರ್ಸ್ ಕಂಟ್ರೋಲರ್‌ನ ಕ್ರಿಯೇಟ್. ಮೂಲ ಆರ್ಡರ್ಸ್ ಕಂಟ್ರೋಲರ್ 140 ಸಾಲಿಗೆ ಇಳಿದಿದೆ. ‘ಓನ್ಲಿ’ ಪಟ್ಟಿ ಎಲ್ಲೂ ಇಲ್ಲ.

ಒಂದು ಕಡೆ ಮಾತ್ರ ಕೈ ಸುಟ್ಟುಕೊಂಡೆವು. ಗ್ರಾಹಕರ ಶೋ ಪುಟ ಮತ್ತು ಅಡ್ಮಿನ್ ಶೋ ಪುಟ ಹೆಚ್ಚುಕಡಿಮೆ ಒಂದೇ ಇದ್ದವು ಅಂತ ಅಡ್ಮಿನ್ ಕಂಟ್ರೋಲರ್ ಅನ್ನು ಗ್ರಾಹಕರ ಕಂಟ್ರೋಲರ್‌ನಿಂದ ಇನ್‌ಹೆರಿಟ್ ಮಾಡಿದೆವು. ಎರಡನೇ ದಿನವೇ ಗ್ರಾಹಕರ ಪುಟಕ್ಕೆ ಬರೆದ ಒಂದು ರೀಡೈರೆಕ್ಟ್ ಅಡ್ಮಿನ್‌ಗೂ ತಗುಲಿತು. ಬಿಡಿಸಿ, ಎಂಟು ಸಾಲು ಎರಡೂ ಕಡೆ ಬರೆದಿದ್ದೇವೆ.

ರೀಫಂಡ್ ಇನ್ನೂ ಉಳಿದಿದೆ. ಅದಕ್ಕೆ ಸ್ವಂತ ಕಂಟ್ರೋಲರ್ ಬೇಕೋ, ಕ್ಯಾನ್ಸಲೇಷನ್ ಜೊತೆಗೇ ಇರಲೋ?

ಹಳೇಜಾವಾ:

ರದ್ದಾಗದ ಆರ್ಡರ್‌ಗೂ ರೀಫಂಡ್ ಕೊಡುತ್ತೀರಾ? ಒಂದು ವಸ್ತು ಒಡೆದು ಬಂದಾಗ ಅದರಷ್ಟೇ ಹಣ ವಾಪಸ್, ಹಾಗೆ?

ದೀಪದಕೆಳಗೆ:

ಕೊಡುತ್ತೇವೆ ಸರ್. ಅದೇ ಜಾಸ್ತಿ. ಅದನ್ನು ಮಾಡುವುದು ಸಪೋರ್ಟ್ ತಂಡದವರು, ಗ್ರಾಹಕರಲ್ಲ.

ಹಳೇಜಾವಾ:

ಮಾಡುವವರು ಬೇರೆ, ಕಾರಣ ಬೇರೆ, ಒಂದೇ ಆರ್ಡರ್‌ಗೆ ಎರಡು ಮೂರು ಸಲವೂ ಆಗಬಹುದು. ಬೇರೆ ಮಾಡಿ. ಅಡ್ಮಿನ್ ನೇಮ್‌ಸ್ಪೇಸ್ ಒಳಗೆ ರೀಫಂಡ್ಸ್ ಕಂಟ್ರೋಲರ್. ಯುನೀಕ್ ಇಂಡೆಕ್ಸ್ ಮಾತ್ರ ಕ್ಯಾನ್ಸಲೇಷನ್‌ನದ್ದು ನೋಡಿ ಆರ್ಡರ್ ಐಡಿ ಮೇಲೆ ಹಾಕಿಬಿಡಬೇಡಿ, ಎರಡನೇ ರೀಫಂಡ್ ಹೋಗುವುದಿಲ್ಲ. ಫಾರಂ ತೋರಿಸುವಾಗಲೇ ಒಂದು ಟೋಕನ್ (ಮತ್ತೆ ಬಾರದ ಗುರುತು) ಕೊಟ್ಟು ಇಂಡೆಕ್ಸ್ ಅದರ ಮೇಲೆ ಹಾಕಿ.